ಸುಗಲಮ್ಮನ ಗಂಟು

ಒಂದಾನೊಂದು ಊರಿನಲ್ಲಿ ಇಬ್ಬರು ಗೆಳತಿಯರಿದ್ದರಂತೆ. ಇಬ್ಬರಿಗೂ ಒಂದೇ ಬಾವಿ, ಒಂದೇ ಹುಣಸೆಮರ, ಒಂದೇ ಬುತ್ತಿಗಂಟು. ಒಬ್ಬಳು ನಕ್ಕರೆ ಇನ್ನೊಬ್ಬಳ ಕೊಡ ತುಳುಕುತ್ತಿತ್ತಂತೆ.

ಒಂದು ದಿನ ಅವರಲ್ಲೊಬ್ಬಳು ಊರು ಬಿಟ್ಟು ಹೊರಟಳು. ಮನಸ್ಸು ಕೊಟ್ಟವನು ಬೇರೆ ದೇವರಿಗೆ ಕೈ ಮುಗಿಯುವವನು. ಅವ್ವ ಅಳಲಿಲ್ಲ, ಅಪ್ಪ ಮುಖ ತೋರಿಸಲಿಲ್ಲ. ಆದರೆ ಹೆಣ್ಣುಮಗಳು ಬರಿಯ ಉಡಿಯಲ್ಲಿ ಊರು ದಾಟಬಾರದು. ಯಾರಾದರೂ ಸೆರಗಿಗೆ ಐದು ಹಿಡಿ ಅಕ್ಕಿ, ಒಂದು ಕೊಬ್ಬರಿ ಬಟ್ಟಲು, ಒಂದು ಕುಬಸದ ಬಟ್ಟೆ ಹಾಕಿ ಕಳಿಸಬೇಕು. ಇಲ್ಲದಿದ್ದರೆ ಹೋದಲ್ಲೆಲ್ಲ ಅವಳು ಹಿಂದಿರುಗಿ ನೋಡುತ್ತಲೇ ಇರುತ್ತಾಳೆ. ಹಾಗೆಂದು ಅವಳು ಗೆಳತಿಯ ಬಾಗಿಲಿಗೆ ಬಂದು, ಉಡಿ ತುಂಬು ಎಂದು ಬಾಯಿಬಿಟ್ಟು ಕೇಳಿ, ಸೆರಗು ಹಿಡಿದು ನಿಂತಳು.

ಗೆಳತಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಬಂದಳು. ಅಷ್ಟರಲ್ಲಿ ಪಡಸಾಲೆಯಲ್ಲಿ ಅವಳ ಅಪ್ಪ ಕೆಮ್ಮಿದ. ಅಷ್ಟೇ...

ಅವಳು ಬಾಗಿಲು ಮುಚ್ಚಿಬಿಟ್ಟಳು.

"ಮುಂದ ಏನಾತು ಅಜ್ಜಿ?" ಎಂದು ಪುಟ್ಟ ಗಾನವಿ ಕೇಳಿದಾಗೆಲ್ಲ ಸುಗಲಮ್ಮನದು ಒಂದೇ ಉತ್ತರ.

"ಮುಂದ ಏನೂ ಆಗಿಲ್ಲವ್ವ. ಕಥಿ ಅಲ್ಲೇ, ಬಾಗಲಾ ಮುಂದ ನಿಂತೈತಿ."

ಬಾಗಿಲು ಮುಚ್ಚಿದವಳು ತನ್ನ ಅಜ್ಜಿಯೇ ಎಂಬುದು ಗಾನವಿಗೆ ತಿಳಿದದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ, ಮಾನ್ವಿ ಊರಿನ ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದು ಮಲಗಿದ್ದಾಗ. ಹಳೆಯ ಸೀರೆಯ ತುಂಡಿನಲ್ಲಿ ಬಿಗಿಯಾಗಿ ಕಟ್ಟಿದ ಒಂದು ಗಂಟು, ಮಾಸಿದ ಒಂದು ಅಂಚೆ ಕಾರ್ಡು... ಎರಡನ್ನೂ ಸುಗಲಮ್ಮ ಮೊಮ್ಮಗಳ ಮಡಿಲಿಗೆ ಇಟ್ಟಳು. ಕಾರ್ಡಿನಲ್ಲಿ ಸಿಕಂದರಾಬಾದ ಕಡೆಯ ಬೊಲಾರಂನ ಒಂದು ಗಲ್ಲಿಯ ವಿಳಾಸ, ಕೆಳಗೆ ಒಂದೇ ಸಾಲು: 'ನಾ ಇಲ್ಲಿ ಅದೀನಿ. ಸುಮಂಗಲಾ.'

"ಅರವತ್ತ ವರ್ಷ ಆತು. ನೀ ನೌಕರಿ ಮಾಡೋ ಊರಾಗೇ ಐತಂತ ಅದು. ಆಕಿ ಉಡಿ ತುಂಬಿ ಬಾ. ಅಲ್ಲಿ ಹೋಗೇ ಗಂಟ ಬಿಚ್ಚು, ನಡುವ ಬಿಚ್ಚಬ್ಯಾಡ. ಮಾತ ಕೊಡು."

ಗಾನವಿ ಮಾತು ಕೊಟ್ಟಳು. ಮೂರನೆಯ ದಿನ ಅಜ್ಜಿ ಹೋದಳು.

ಆ ಗಂಟು ಮಣಿಕೊಂಡದ ಪಿ.ಜಿ. ಕೋಣೆಯಲ್ಲಿ, ಅವಳ ಕಪಾಟಿನ ಮೇಲೆ ಆರು ತಿಂಗಳು ಕುಳಿತಿತ್ತು. ಅದನ್ನು ನೋಡಿದಾಗೆಲ್ಲ ಗಾನವಿಗೆ ಒಂದೇ ಯೋಚನೆ. ಅಜ್ಜಿಯ ಬೆರಳು ಕೊನೆಯದಾಗಿ ಹಾಕಿದ ಗಂಟು ಇದು... ಬಿಚ್ಚಿದರೆ ಅಜ್ಜಿ ಪೂರ್ತಿ ಹೋಗಿಬಿಡುತ್ತಾಳೆ.

ಜನವರಿಯಲ್ಲಿ ಕೊನೆಗೂ ಒಂದು ಶನಿವಾರ ಹೊರಟಳು. ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಪಿ.ಜಿ.ಯಲ್ಲೇ ತುಂಬಿಸಿಕೊಂಡ ನೀರಿನ ಬಾಟಲಿ, ಶೇಂಗಾ ಹಿಂಡಿ ಹಚ್ಚಿ ಸುರುಳಿ ಸುತ್ತಿದ ನಾಲ್ಕು ಚಪಾತಿ.

"ಎಲ್ಲರೂ ಪಾಂಡಿಚೇರಿಗೆ ಹೋಗ್ತಾರೆ, ನೀನು ಬೊಲಾರಂಗೆ ಹೋಗ್ತಿದೀಯಾ?" ಎಂದು ಕೋಣೆಯ ಗೆಳತಿ, ಮೈಸೂರಿನ ಶ್ರೀವಿದ್ಯಾ, ಹಾಸಿಗೆಯಲ್ಲೇ ಹೊರಳಿ ನಕ್ಕಳು. "ಒಂದೇ ಊರೊಳಗೆ ಸೋಲೋ ಟ್ರಿಪ್. ಇದಕ್ಕಿಂತ ಅಗ್ಗದ್ದು ಅಂದ್ರೆ ನಮ್ಮ ಟೆರೇಸು ಕಣೇ."

"ಅಲ್ಲೂ ಇಂಗ್ಲಿಷರ ಬಂಗಲೆ ಅದಾವ, ಕಲ್ಲಿನ ಚರ್ಚ್ ಐತಿ. ಪಾಂಡಿಚೇರಿ ನನ್ನ ಕಡೆ ಬರಂಗಿಲ್ಲ ಅಂದ್ರ ನಾನ ಬೊಲಾರಂಗೆ ಹೋಗಬೇಕಲ್ಲ."

ಲಿಂಗಂಪಲ್ಲಿಯಿಂದ ಲೋಕಲ್ ರೈಲು, ಸಿಕಂದರಾಬಾದಿನಿಂದ ಬಸ್ಸು. ಸೈನಿಕರ ದಂಡು ಪ್ರದೇಶ ಶುರುವಾದದ್ದೇ ಊರಿನ ಗದ್ದಲ ಯಾರೋ ಬಾಯಿ ಮುಚ್ಚಿಸಿದಂತೆ ಅಡಗಿತು. ಅಗಲ ರಸ್ತೆಗಳು, ಸುಣ್ಣ ಬಳಿದ ಕಲ್ಲುಗಳು, ದೊಡ್ಡ ಮರಗಳ ನೆರಳು. ಕಾರ್ಡಿನಲ್ಲಿದ್ದ ಗಲ್ಲಿಯಲ್ಲೇ, ಹಳೆಯ ಹೆಂಚಿನ ಮನೆಯೊಂದರಲ್ಲಿ ವಾರಾಂತ್ಯಕ್ಕೆ ಬರುವವರಿಗೆ ಒಂದು ಕೋಣೆ ಬಾಡಿಗೆಗೆ ಸಿಗುತ್ತದೆಂದು ಅವಳು ಫೋನಿನಲ್ಲಿ ಹುಡುಕಿದ್ದಳು. ಮನೆ ನಂಬರನ್ನೂ ಹೋಲಿಸಿ ನೋಡಿದ್ದಳು. ಅದೇ ಮನೆ.

ಗೇಟಿಗೆ ಕೈಯಿಟ್ಟು ದೂಡಿದಳು. ಅದೇ ಹೊತ್ತಿಗೆ ಒಳಗಿನಿಂದ ಯಾರೋ ಎಳೆದರು. ಗೇಟು ಒಮ್ಮೆಲೇ ತೆರೆದುಕೊಂಡು, ಗಾನವಿ ಮುಗ್ಗರಿಸಿ, ಹೆಗಲ ಮೇಲಿದ್ದ ಗಂಟು ಜಾರಿತು...

ನೆಲಕ್ಕೆ ಬೀಳುವ ಮೊದಲೇ ಎರಡು ಕೈಗಳು ಅದನ್ನು ಹಿಡಿದವು. ಮಗುವನ್ನು ಎತ್ತಿಕೊಂಡಂತೆ ಎದೆಗಾನಿಸಿಕೊಂಡು ನಿಂತ ಯುವಕನನ್ನು ಅವಳು ನೋಡಿದಳು. ಎಣ್ಣೆಗಪ್ಪು ಮುಖ, ನಿದ್ದೆ ಕಡಿಮೆಯಾದ ಕಣ್ಣು, ಬೆರಳುಗಳ ಮೇಲೆ ಸೀಮೆಸುಣ್ಣದ ಪುಡಿ.

"ಆಪ್‌ಇಚ್ ಕ್ಯಾ, ರೂಮ್ ಬುಕ್ ಕರೇ ಸೋ?" ಕೋಣೆ ಬುಕ್ ಮಾಡಿದವರು ನೀವೇನಾ ಎಂದು ಅವನು ಹಿಂದಿಯಲ್ಲಿ ಕೇಳಿದ.

"ಅವುನಂಡಿ," ಎಂದು ಗಾಬರಿಯಲ್ಲಿ ತೆಲುಗಿನಲ್ಲೇ ಹೌದೆಂದಳು ಗಾನವಿ.

"ಯಾರೋ ಅಮಿತಾ?" ಜಗಲಿಯಿಂದ ಒಂದು ಒಣ ದನಿ ಬಂತು. "ಗಿರಾಕಿ ಬಂದ್ರ ಹಿಂದಿ, ಪೊಲೀಸ್ ಬಂದ್ರ ತೆಲುಗು, ಹೊಟ್ಟಿ ಹಸದ್ರ ಕನ್ನಡ. ಇಂಥಾ ಮೊಮ್ಮಗ ನನಗ."

ಗಾನವಿ ಅರಿವಿಲ್ಲದೆ ನಕ್ಕುಬಿಟ್ಟಳು. ಅವನ ಹುಬ್ಬು ಏರಿತು. "ಓಹೋ... ಕನ್ನಡದವರಾ? ಮೊದಲ ಹೇಳಬಾರದೇನ್ರಿ, ಹಿಂದಿ ದಂಡ ಆತಲ್ಲ."

ಅವಳ ನಗು ಜಗಲಿಯ ಮೆಟ್ಟಿಲ ಬಳಿ ನಿಂತುಹೋಯಿತು. ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದ ಮುದುಕಿಯ ಹಣೆ ಬರಿದಾಗಿತ್ತು. ಕೈ ಬರಿದು. ಬಣ್ಣವಿಲ್ಲದ ಸೀರೆ. ಗೋಡೆಯ ಮೇಲೆ ಮುದುಕರೊಬ್ಬರ ಪಟಕ್ಕೆ ಒಣಗಿದ ಹೂವಿನ ಹಾರ.

ಗಂಡ ಸತ್ತವಳ ಉಡಿಯನ್ನು ಯಾರು ತುಂಬುತ್ತಾರೆ?

ಗಾನವಿಗೆ ಏಳು ವರ್ಷವಿದ್ದಾಗಿನ ಒಂದು ಮಧ್ಯಾಹ್ನ ನೆನಪಾಯಿತು. ಮನೆಯಲ್ಲಿ ಯಾವುದೋ ಕಾರ್ಯ. ಹೆಂಗಸರ ಸಾಲಿನಲ್ಲಿ ಕುಂಕುಮದ ಬಟ್ಟಲು ಹಿಡಿದು ಓಡಾಡುತ್ತಿದ್ದ ಅವಳು ಹಿಂದೆ ಕುಳಿತಿದ್ದ ಅಜ್ಜಿಯ ಮುಂದೆಯೂ ಬಟ್ಟಲು ಚಾಚಿದ್ದಳು. ಮಾತು ಪಟ್ಟನೆ ನಿಂತಿತ್ತು. ಸುಗಲಮ್ಮ ಎದ್ದು ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿನ ಮೇಲೆ ಬೆನ್ನು ಮಾಡಿ ಕುಳಿತಿದ್ದಳು. ಆ ಬೆನ್ನನ್ನು ಗಾನವಿ ಇಂದಿಗೂ ಮರೆತಿಲ್ಲ.

ಈ ಗಂಟಿನೊಳಗೂ ಕುಂಕುಮವಿರುತ್ತದೆ, ಹಸಿರು ಬಳೆ ಇರುತ್ತವೆ... ಇವರ ಮುಂದೆ ಬಿಚ್ಚಿದರೆ?

"ಯಾವೂರವ್ವ ನಿಂದು?" ಸುಮಂಗಲಾ ಕೇಳಿದಳು. ಅವಳ ಕಣ್ಣು ಮೊಮ್ಮಗನ ಕೈಯಲ್ಲಿದ್ದ ಗಂಟಿನ ಮೇಲೆ ನೆಟ್ಟಿತ್ತು.

"ಬಳ್ಳಾರಿ," ಎಂಬ ಸುಳ್ಳು ಬಾಯಿಂದ ಜಾರಿತು.

"ಹುಂ... ಬಳ್ಳಾರಿ." ಮುದುಕಿ ಮೊಮ್ಮಗನ ಕಡೆ ತಿರುಗಿದಳು. "ಗಂಟ ಆಕಿ ಕೈಯಾಗ ಕೊಡೋ. ಆಕೀದು ಅದು."

ಗಾನವಿ ಅದನ್ನು ಕೋಣೆಗೆ ಒಯ್ದು ಮಂಚದ ಕೆಳಗೆ, ಗೋಡೆಯ ಮೂಲೆಗೆ ಸರಿಸಿಬಿಟ್ಟಳು.

ಮಧ್ಯಾಹ್ನ ಬಿಸಿಲು ಇಳಿದ ಮೇಲೆ ಅಮಿತ ಅವಳನ್ನು ಸುತ್ತಾಡಿಸಲು ಕರೆದೊಯ್ದ. ಅವನು ಅಲ್ಲಿಯ ಶಾಲೆಯೊಂದರಲ್ಲಿ ಮಾಸ್ತರ. ಅಪ್ಪ ಅವ್ವ ವಿಮಾನ ನಿಲ್ದಾಣದ ಹತ್ತಿರ ಶಂಶಾಬಾದಿನಲ್ಲಿ ಇದ್ದರೂ ಅಜ್ಜಿ ಈ ಮನೆ ಬಿಟ್ಟು ಕದಲುವುದಿಲ್ಲವೆಂದು ಅವನೊಬ್ಬ ಇಲ್ಲಿ ಉಳಿದಿದ್ದ.

"ವಿಮಾನದ ಸಪ್ಪಳ ಕೇಳಿದ್ರ ನಿದ್ದಿ ಬರಂಗಿಲ್ಲಂತ," ಎಂದು ನಕ್ಕ. "ಖರೇ ಕಾರಣ ಬ್ಯಾರೇನ ಐತಿ. ಆಮ್ಯಾಲ ಹೇಳ್ತೀನಿ."

ಹಳೆಯ ಇಂಗ್ಲಿಷರ ಸ್ಮಶಾನದ ಕಬ್ಬಿಣದ ಬಾಗಿಲು ದಾಟಿದರು. ಹುಲ್ಲಿನ ನಡುವೆ ಓರೆಯಾದ ಕಲ್ಲುಗಳು. ಸಿಪಾಯಿಗಳು, ಅವರ ಹೆಂಡಂದಿರು, ಎಷ್ಟೊಂದು ಮಕ್ಕಳು... ಒಂದು ಪುಟ್ಟ ಕಲ್ಲಿನ ಮುಂದೆ ಅಮಿತ ಕುಕ್ಕರಗಾಲಿನಲ್ಲಿ ಕುಳಿತು ಒಣ ಎಲೆಗಳನ್ನು ಕೈಯಿಂದಲೇ ಸರಿಸಿದ. ಎಲಿನಾರ್. ಎರಡು ವರ್ಷ, ಮೂರು ತಿಂಗಳು.

ಜೇಬಿನಿಂದ ಒಂದು ಕಣಗಿಲೆ ಹೂವು ತೆಗೆದು ಅದರ ಮೇಲಿಟ್ಟ.

"ದಿನಾ ಇಡ್ತೀರಾ?"

"ಶನಿವಾರ ಅಷ್ಟ. ಸಣ್ಣಾಂವ ಇದ್ದಾಗಿಂದ." ಅವನು ಸ್ವಲ್ಪ ನಾಚಿದ. "ಇಕಿ ಕಡಿಯವರು ಯಾರೂ ಬರಂಗಿಲ್ಲ ನೋಡ್ರಿ. ಎಲ್ಲಿಯ ಊರು, ಎಲ್ಲಿಯ ಕೂಸು. ಅದಕ್ಕ ನಾನ ಇಕಿ ಕಡಿಯಾಂವ ಅಂತ ಅನಕೊಂಡೀನಿ."

ಗಾನವಿ ಬೇರೆ ಕಡೆ ಮುಖ ತಿರುಗಿಸಿದಳು. ಕಣ್ಣು ಏಕೆ ತುಂಬಿತೋ ಅವಳಿಗೇ ತಿಳಿಯಲಿಲ್ಲ. ಅಜ್ಜಿಯ ಕಥೆಗಳಲ್ಲಿ ರಾಜಕುಮಾರರು ಏಳು ಸಮುದ್ರ ದಾಟುತ್ತಿದ್ದರು. ಇವನೊಬ್ಬ, ಏಳು ಸಮುದ್ರ ದಾಟಿ ಬಂದು ಮಣ್ಣಾದವರ ಮೇಲಿನ ಎಲೆ ಗುಡಿಸುತ್ತಾನೆ.

ಇರಾನಿ ಹೋಟೆಲಿನಲ್ಲಿ ಒಂದೇ ಚಹಾ ತರಿಸಿ ಅವನು ಅರ್ಧವನ್ನು ಕಪ್ಪಿನಡಿಯ ಬಸಿಗೆ ಸುರುವಿ ಅವಳ ಮುಂದೆ ಸರಿಸಿದ. ತನಗೆ ಕಪ್ಪು, ಅವಳಿಗೆ ಬಸಿ. ಅಮಲಿನಂಥ ಆ ಸಂಜೆಯಲ್ಲಿ ಅವಳು ಇನ್ನೇನು ಎಲ್ಲವನ್ನೂ ಹೇಳಿಬಿಡಬೇಕು... ಅಷ್ಟರಲ್ಲಿ ಅವನೇ ಶುರು ಮಾಡಿದ.

"ನಮ್ಮ ಅಜ್ಜಿ ಈ ಮನಿ ಯಾಕ ಬಿಡಂಗಿಲ್ಲ ಗೊತ್ತೇನ್ರಿ? ಯಾರಿಗೋ ಒಮ್ಮೆ ಕಾರ್ಡ ಬರದಾಳ, ನಾ ಇಲ್ಲಿ ಅದೀನಿ ಅಂತ. ಇಲ್ಲಿ ಅಂದಮ್ಯಾಲ ಇಲ್ಲೇ ಇರಬೇಕಂತ."

ಗಾನವಿಯ ಬೆರಳು ಬಸಿಯ ಅಂಚಿನಲ್ಲೇ ನಿಂತವು.

"ಊರು ಬಿಡೋ ದಿನ ಗೆಳತಿ ಬಾಗಲಿಗೆ ಹೋಗಿ ಉಡಿ ಒಡ್ಡಿದ್ಳಂತ. ಆಕಿ ಬಾಗಲಾ ಹಾಕ್ಕೊಂಡ್ಳು. ಅವತ್ತಿಂದ ನಮ್ಮ ಅಜ್ಜಿ ಯಾರ ಕಡಿಂದನೂ ಉಡಿ ತುಂಬಿಸಿಕೊಂಡಿಲ್ಲ. ಬಸರಿದ್ದಾಗನೂ ಇಲ್ಲ, ನಮ್ಮಪ್ಪನ ಮದವ್ಯಾಗನೂ ಇಲ್ಲ. ಮೊದಲ ಆಕಿ ತುಂಬಲಿ, ಆಮ್ಯಾಲ ಉಳದವರು ಅಂತ." ಅವನು ಚಹಾದ ಕೊನೆಯ ಗುಟುಕು ಕುಡಿದು ಕಪ್ಪನ್ನು ಜೋರಾಗಿಯೇ ಇಟ್ಟ. "ಆ ಮನಿಯವರು ಯಾರರೇ ಸಿಕ್ಕರ ಒಂದ ಮಾತ ಕೇಳಬೇಕಂತ ಇಟ್ಟೀನಿ. ಐದ ಹಿಡಿ ಅಕ್ಕಿ ಅಷ್ಟ ತುಟ್ಟಿ ಇತ್ತೇನ್ರಿ?"

ಬಸಿಯಲ್ಲಿದ್ದ ಚಹಾ ಆರಿ ಕೆನೆಗಟ್ಟಿತು. ನಾಳೆ... ನಾಳೆ ಹೇಳುತ್ತೇನೆ, ಎಂದುಕೊಂಡಳು ಗಾನವಿ.

ಮರುದಿನ ಭಾನುವಾರ. ಸುಮಂಗಲಾ ಅಕ್ಕಪಕ್ಕದವರೊಂದಿಗೆ ಚರ್ಚಿನ ಬೆಳಗಿನ ಪ್ರಾರ್ಥನೆಗೆ ಹೋಗಿದ್ದಳು. ಗಾನವಿ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ಬಂದಾಗ ಕೋಣೆಯ ಬಾಗಿಲಲ್ಲಿ ಅಮಿತ ನಿಂತಿದ್ದ. ಒಂದು ಕೈಯಲ್ಲಿ ಅವಳಿಗೆಂದು ತಂದ ಚಹಾ. ಇನ್ನೊಂದರಲ್ಲಿ, ಅವಳ ಬ್ಯಾಗಿನ ಪಕ್ಕದಿಂದ ಜಾರಿ ಬಿದ್ದಿದ್ದ ಅಂಚೆ ಕಾರ್ಡು.

"ಇದು ನಮ್ಮ ಅಜ್ಜಿ ಅಕ್ಷರ."

ಅವಳು ಟವೆಲ್ಲನ್ನು ಬಿಗಿಯಾಗಿ ಹಿಡಿದುಕೊಂಡಳು. "ಹೌದ್ರಿ... ನಾನು ಸುಗಲಮ್ಮನ ಮೊಮ್ಮಗಳು."

"ಆ ಗಂಟಿನಾಗ ಏನೈತಿ?"

"ಉಡಿ."

ಅವನ ಮುಖದಲ್ಲಿ ಒಂದು ಕ್ಷಣ ಬೆಳಕು ಮೂಡಿತು. ಬೆನ್ನಲ್ಲೇ ಅವನ ದೃಷ್ಟಿ ಮಂಚದ ಕೆಳಗೆ, ಗೋಡೆಯ ಮೂಲೆಗೆ ಹೋಯಿತು. "ಮತ್ತ ಅಲ್ಲಿ ಯಾಕ ಮುಚ್ಚಿಟ್ರಿ?"

"ಅವರ ಹಣಿ..." ಗಾನವಿ ತಡವರಿಸಿದಳು. "ಹಣಿ ಬರಿ ಐತಲ್ಲರಿ... ಅದಕ್ಕ..."

ಅದಕ್ಕೆ ಅವರಿಗೆ ನೋಯುತ್ತದೆಂದು ಹೆದರಿದೆ, ನನ್ನ ಅಜ್ಜಿ ಎದ್ದು ಹೋದ ಹಾಗೆ ಇವರೂ ಎದ್ದು ಹೋದರೆ ಏನು ಮಾಡಲಿ ಎಂದು ಹೆದರಿದೆ... ಹೇಳಬೇಕಾದದ್ದು ಇಷ್ಟು. ಬಾಯಿಗೆ ಬಂದದ್ದು ಮೊದಲಿನ ಅರ್ಧ.

ಅಮಿತ ನಿಧಾನವಾಗಿ ತಲೆಯಾಡಿಸಿದ. "ತಿಳೀತು. ಅವಾಗ ಜಾತಿ ಅಡ್ಡ ಬಂತು, ಈಗ ಹಣಿ. ನಿಮ್ಮ ಮನಿಯವರಿಗೆ ಬಾಗಲಾ ಹಾಕಾಕ ಏನರೇ ಒಂದ ನೆವ ಸಿಕ್ಕೇ ಸಿಗತೈತಿ."

"ಹಂಗಲ್ಲರಿ, ಒಂದ ಮಾತ ಕೇಳ್ರಿ..."

"ಅಜ್ಜಿ ಬರೂದ್ರಾಗ ಹೋಗಿಬಿಡ್ರಿ." ಅವನು ಚಹಾವನ್ನು ಕಿಟಕಿಯ ಮೇಲಿಟ್ಟ. ದನಿ ಏರಲಿಲ್ಲ. ಅದೇ ಅವಳನ್ನು ಹೆಚ್ಚು ಇರಿಯಿತು. "ಎಂಬತ್ತ ದಾಟ್ಯಾಳ ಆಕಿ. ಅದ ಬಾಗಲಾ ಎರಡನೇ ಸಲ ತೋರಸಬ್ಯಾಡ್ರಿ."

ಗಾನವಿ ಗಂಟು ಎತ್ತಿಕೊಂಡು ಹೊರಟಳು. ಗಲ್ಲಿಯ ತಿರುವಿನಲ್ಲಿ ಚರ್ಚಿನ ಗಂಟೆ ಬಾರಿಸಿತು. ತಿರುಗಿ ನೋಡಿದಳು, ಮತ್ತೆ ತಿರುಗಿ ನೋಡಿದಳು. ಬರಿಯ ಉಡಿಯಲ್ಲಿ ಹೊರಟವಳಂತೆ.

ಮಣಿಕೊಂಡದಲ್ಲಿ ದಿನಗಳು ಉರುಳಿದವು. ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತವಳಿಗೆ ಕಣಗಿಲೆ ಹೂವು ಕಾಣುತ್ತಿತ್ತು. ಚಹಾ ಬಂದರೆ ಬಸಿ ನೆನಪಾಗುತ್ತಿತ್ತು. ಎರಡು ದಿನ ಕಂಡವನಿಗಾಗಿ ಯಾರಾದರೂ ಇಷ್ಟು ಅಳುತ್ತಾರೆಯೇ? ಅಜ್ಜಿಗೆ ಕೊಟ್ಟ ಮಾತು ಮುರಿದದ್ದಕ್ಕೆ ಅಳು ಬರುತ್ತಿದೆ ಎಂದು ತನಗೇ ಹೇಳಿಕೊಂಡಳು. ಅದೂ ನಿಜವೇ, ಪೂರ್ತಿ ನಿಜವಲ್ಲ.

ಮೂರನೆಯ ವಾರ ಫೋನಿನ ಮೇಲೆ ಅವನ ಹೆಸರು ಮಿನುಗಿತು. ಕೋಣೆ ಬುಕ್ ಮಾಡಿದಾಗ ಉಳಿಸಿಕೊಂಡ ನಂಬರು. ಇನ್ನೂ ಏನು ಅನ್ನಬೇಕಾಗಿದೆ ಅವನಿಗೆ? ರಿಂಗ್ ಆಗಿ ಆಗಿ ನಿಂತಿತು. ಮರುದಿನ ಮತ್ತೆ. ಅದರ ಮರುದಿನ ಮತ್ತೆ. ನಾಲ್ಕನೆಯ ಸಲ ಅವಳು ಫೋನನ್ನು ಬೋರಲಾಗಿ ಇಟ್ಟುಬಿಟ್ಟಳು. ಆಮೇಲೆ ಅದು ಬಾರಿಸಲಿಲ್ಲ.

ಏಳನೆಯ ವಾರದ ಶನಿವಾರ ಬೆಳಿಗ್ಗೆ ಶ್ರೀವಿದ್ಯಾ ಕಪಾಟಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಗಾನವಿ, ನಿನ್ನ ಅಜ್ಜಿ ಗಂಟಿನಿಂದ ಹುಳ ಬರ್ತಾ ಇದೆ. ನನ್ನ ಬಿಳಿ ಕುರ್ತಾ ಮೇಲೆ ವಾಕಿಂಗ್ ಮಾಡ್ತಿದಾವೆ. ನಾನು ಬಿಸಾಕಲ್ಲ, ಆದ್ರೆ ನೀನೇ ಬಿಚ್ಚಿ ಬಿಸಿಲಿಗಾದ್ರೂ ಹಾಕೇ."

ನುಸಿ. ಅಕ್ಕಿಗೆ ನುಸಿ ಬಿದ್ದಿತ್ತು.

ಗಾನವಿ ಟೆರೇಸಿನಲ್ಲಿ ಪೇಪರು ಹಾಸಿ ಕುಳಿತಳು. ಎರಡು ಸುತ್ತು ಸುತ್ತಿ, ತುದಿಯನ್ನು ಒಳಕ್ಕೆ ತೂರಿಸುವ ಅಜ್ಜಿಯ ಗಂಟು. ಬೇರೆ ಯಾರೂ ಹಾಗೆ ಕಟ್ಟುವುದನ್ನು ಅವಳು ನೋಡಿರಲಿಲ್ಲ. ತಪ್ಪಾತು ಅಜ್ಜಿ, ನಡುವೆಯೇ ಬಿಚ್ಚುತ್ತಿದ್ದೇನೆ... ಎನ್ನುತ್ತ ತುದಿ ಎಳೆದಳು.

ಅಕ್ಕಿ. ಬೇವಿನ ಒಣ ಎಲೆ. ಕೊಬ್ಬರಿ ಬಟ್ಟಲು. ಐದು ಉತ್ತತ್ತಿ, ಐದು ಅಡಿಕೆ. ಒಂದು ಕುಬಸದ ಬಟ್ಟೆ.

ಕುಂಕುಮವಿರಲಿಲ್ಲ. ಬಳೆಗಳಿರಲಿಲ್ಲ. ಅವಳು ಅಕ್ಕಿಯಲ್ಲಿ ಕೈಯಾಡಿಸಿ ಹುಡುಕಿದಳು, ಬಟ್ಟೆ ಕೊಡವಿ ನೋಡಿದಳು. ಇಲ್ಲ. ಕುಬಸವೂ ಹಸಿರು ಖಣವಲ್ಲ. ಮೆತ್ತನೆಯ, ಬೂದು ಬಣ್ಣದ ಹತ್ತಿ ಬಟ್ಟೆ. ತಾತ ಹೋದ ಮೇಲೆ ಇಪ್ಪತ್ತು ವರ್ಷ ಸುಗಲಮ್ಮ ತಾನೇ ತೊಡುತ್ತಿದ್ದಂಥದ್ದು.

ಗಾನವಿ ಆ ಬಟ್ಟೆಯಲ್ಲಿ ಮುಖ ಹುದುಗಿಸಿದಳು.

ಅಜ್ಜಿಗೆ ಗೊತ್ತಿತ್ತು. ಹಿತ್ತಲ ಕಲ್ಲಿನ ಮೇಲೆ ಬೆನ್ನು ಮಾಡಿ ಕುಳಿತವಳಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಗೆಳತಿ ಮುತ್ತೈದೆಯೋ ಅಲ್ಲವೋ ಎಂದು ಅವಳು ಕೇಳಲೇ ಇಲ್ಲ. ಆ ಪ್ರಶ್ನೆಯನ್ನೇ ತೆಗೆದಿಟ್ಟು ಉಡಿ ಕಟ್ಟಿದ್ದಳು. ನೋಡದೆ ಹೆದರಿದವಳು ತಾನು.

ಅಕ್ಕಿಯನ್ನು ಹಸನು ಮಾಡಿ, ಅದೇ ಸೀರೆತುಂಡಿನಲ್ಲಿ ಕಟ್ಟಿ, ಅವಳು ಆಗಲೇ ಹೊರಟಳು.

ಬೊಲಾರಂನ ಗೇಟು ತೆರೆದೇ ಇತ್ತು. ಜಗಲಿಯ ಮೇಲೆ ಬೆತ್ತದ ಕುರ್ಚಿ ಇತ್ತು. ಅದರ ಮೇಲೆ ಯಾರೂ ಇರಲಿಲ್ಲ. ಬಣ್ಣವಿಲ್ಲದ ಒಂದು ಸೀರೆ ಮಡಚಿ ಇಟ್ಟಿತ್ತು. ಗೋಡೆಯ ಮೇಲೆ ಒಂದು ಪಟವಿದ್ದಲ್ಲಿ ಎರಡು ಪಟಗಳು.

ಗಾನವಿ ಗಂಟನ್ನು ಮಡಿಲಲ್ಲಿಟ್ಟು ಮೆಟ್ಟಿಲ ಮೇಲೆ ಕುಳಿತಳು.

ಹೆಜ್ಜೆಯ ಸಪ್ಪಳ ಕೇಳಿ ಅಮಿತ ಹೊರಗೆ ಬಂದ. ಗಡ್ಡ ಬೆಳೆದಿತ್ತು. ಅವಳನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ.

"ಯಾವಾಗ?" ಎಂದಳು ಅವಳು.

"ಇವತ್ತಿಗೆ ಹದಿನಾರ ದಿನ."

ಗಾನವಿ ಗಂಟನ್ನು ಅವನ ಕಡೆ ಸರಿಸಿದಳು. "ಬಿಚ್ಚಿ ನೋಡ್ರಿ. ನಾನು ಮೊದಲ ಮಾಡಬೇಕಾಗಿದ್ದ ಕೆಲಸ... ಮಾಡಲಿಲ್ಲ."

ಅವನು ಬಿಚ್ಚಿದ. ಒಂದೊಂದನ್ನೇ ಮುಟ್ಟಿ ನೋಡಿದ. ಬೂದು ಬಣ್ಣದ ಬಟ್ಟೆಯ ಮೇಲೆ ಅವನ ಕೈ ನಿಂತಿತು. ಕುಂಕುಮದ ಬಟ್ಟಲು ಹಿಡಿದ ಏಳು ವರ್ಷದ ಹುಡುಗಿಯ ಕಥೆಯನ್ನು, ಹಿತ್ತಲ ಕಲ್ಲಿನ ಕಥೆಯನ್ನು ಅವಳು ಬಿಕ್ಕುತ್ತಲೇ ಹೇಳಿದಳು. "ಅವರು ಉಡಿಗೆ ಯೋಗ್ಯ ಅಲ್ಲ ಅಂತ ಅಲ್ಲರಿ. ಅವರಿಗೆ ನೋವಾಗಬಾರದು ಅಂತ..."

"ಸಾಕ್ರಿ," ಎಂದ ಅಮಿತ. ಅವನ ಕಣ್ಣಿನಿಂದ ನೀರು ಇಳಿದು ಗಡ್ಡದಲ್ಲಿ ನಿಂತಿತ್ತು. "ಅಜ್ಜಿಗೆ ಗೊತ್ತಿತ್ತು, ನೀವ್ಯಾರು ಅಂತ. ಗೇಟಿನಾಗ ನಾ ಗಂಟ ಹಿಡದಾಗನ. ಆ ಸುತ್ತು ಸುಗಲಿ ಒಬ್ಬಾಕಿಗೆ ಬರತಿತ್ತಂತ. ಬುತ್ತಿ ಕಟ್ಟತಿದ್ಳಂತಲ್ಲ, ಇಬ್ಬರಿಗೂ ಸೇರಿಸಿ."

"ಗೊತ್ತಿದ್ರ ಯಾಕ ಕೇಳಲಿಲ್ಲ ಅವರು?"

"ನಾನೂ ಇದನ್ನ ಕೇಳಿದೆ. 'ಒಮ್ಮೆ ಬಾಯಿಬಿಟ್ಟು ಕೇಳಿ ನಿಂತಿದ್ದೆ, ಸಾಕು. ಎರಡನೇ ಸಲ ಕೇಳಿ ಇಸ್ಕೊಂಡ್ರ ಅದು ಉಡಿ ಅಲ್ಲ, ಭಿಕ್ಷಾ. ಕೂಸು ತಾನಾಗೇ ಬಿಚ್ಚತೈತಿ ಅಂತ ಕುಂತಿದ್ದೆ. ನೀ ಯಾಕ ಕಳಿಸಿದಿ?' ಅಂದ್ಳು. ಅವತ್ತ ಊಟ ಬಿಟ್ಟು ಮಲಗಿದಾಕಿ ಮೊದಲಿನಂಗ ಏಳಲೇ ಇಲ್ಲ." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಆಕಿನ್ನ ಕರಿಯೋ ಅಂದ್ಳು. ನಾಲ್ಕ ಸಲ ಫೋನ್ ಮಾಡಿದೆ."

"ನಾ ಎತ್ತಲಿಲ್ಲ."

"ಒಂದ ಸಾಲು ಬರದು ಕಳಿಸಬಹುದಿತ್ತು. ಸೊಕ್ಕು ಬಿಡಲಿಲ್ಲ. ನಿಮ್ಮ ಅಜ್ಜಿ ಒಂದ ಸಲ ಬಾಗಲಾ ಹಾಕಿದ್ಳು, ಗಾನವಿ. ನಾವಿಬ್ಬರು ಸೇರಿ ಎರಡ ಸಲ ಹಾಕಿದ್ವಿ."

ಅವನು ಮೊದಲ ಸಲ ಅವಳ ಹೆಸರು ಹಿಡಿದಿದ್ದ. ಅಷ್ಟು ದುಃಖದ ನಡುವೆಯೂ ಅದು ಅವಳ ಎದೆಗೆ ನಾಟಿತು.

"ನಾ ಇನ್ನ ಮಾತ ಹೆಂಗ ಉಳಿಸಿಕೊಳ್ಳಲಿ?" ಅಂದಳು. "ತುಂಬೋ ಉಡೀನ ಇಲ್ಲ."

ಅಮಿತ ಕುರ್ಚಿಯ ಮೇಲಿದ್ದ ಸೀರೆಯನ್ನು ಎತ್ತಿಕೊಂಡ. "ಕಡೀ ದಿನ ಅಜ್ಜಿ ಇದನ್ನ ತೆಗಿಸಿ ಇಟ್ಟಳು. 'ಸುಗಲಿ ಮನಿಯಾಕಿ ಬಂದೇ ಬರತಾಳ. ಅವಾಗ ನಾ ಇರಲಿಲ್ಲಂದ್ರ ನೀ ಸೆರಗ ಒಡ್ಡು' ಅಂದ್ಳು. 'ಅಜ್ಜಿ, ನಾ ಗಂಡಸು, ಮಂದಿ ನಗತಾರ' ಅಂದೆ. 'ಮಂದಿ ನಗೂದಕ್ಕ ಅಂಜೇನ ಅರವತ್ತ ವರ್ಷ ಹಾಳಾತು, ಸುಮ್ಮ ಕುಂದ್ರು' ಅಂದ್ಳು."

ಅಳುತ್ತಲೇ ಗಾನವಿಗೆ ನಗು ಬಂತು. ಅವನಿಗೂ.

ಅವನು ಸೀರೆಯ ಮಡಿಕೆ ಬಿಡಿಸಿ ಹೆಗಲಿಗೆ ಹಾಕಿಕೊಂಡ. ಒಳಗಿನಿಂದ ಮೊರ ತಂದುಕೊಟ್ಟ. ಗಾನವಿ ಅಕ್ಕಿಯನ್ನು ಅದಕ್ಕೆ ಸುರಿದು ಮೆಟ್ಟಿಲ ಕೆಳಗೇ ನಿಂತಳು.

"ಅಲ್ಲಿ ಅಲ್ಲ," ಅಂದ ಅಮಿತ. "ನೀ ಒಳಗ ಹೋಗಿ ನಿಂದ್ರು. ತುಂಬಾಕಿ ಹೊಸ್ತಿಲ ಒಳಗ ಇರಬೇಕು. ಬೇಡಾಕಿ ಹೊರಗ."

"ನಿಮ್ಮ ಮನಿ ಇದು..."

"ಹುಂ." ಅವನು ತಲೆ ತಗ್ಗಿಸಿದ. "ಏಳು ವಾರ ನಿನ್ನ ಮ್ಯಾಲ ಸಿಟ್ಟೈತಿ ಅನಕೊಂಡಿದ್ದೆ. ಸಿಟ್ಟ ಆಗಿದ್ರ ಗೇಟ ಸಪ್ಪಳ ಆದಾಗೊಮ್ಮೆ ಎದ್ದ ಬರತಿದ್ದಿಲ್ಲ. ಈಗ ಅಜ್ಜಿನೂ ಇಲ್ಲ. ನನ್ನ ಕಡಿಯವರು ಅಂತ ಈ ಮನ್ಯಾಗ ಯಾರೂ ಇಲ್ಲ ನೋಡು."

ಪುಟ್ಟ ಕಲ್ಲಿನ ಮೇಲಿನ ಕಣಗಿಲೆ ಹೂವು ಗಾನವಿಯ ಕಣ್ಣಮುಂದೆ ಬಂತು.

"ನಾನ ಅದೀನಲ್ಲ," ಅಂದಳು. "ನಾನ ನಿನ್ನ ಕಡಿಯಾಕಿ."

ಅವಳು ಹೊಸ್ತಿಲು ದಾಟಿ ಒಳಗೆ ಹೋಗಿ ತಿರುಗಿ ನಿಂತಳು. ಅವನು ಹೊರಗೆ, ಅಜ್ಜಿಯ ಸೆರಗನ್ನು ಎರಡೂ ಕೈಯಲ್ಲಿ ಒಡ್ಡಿ ನಿಂತ. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರು ಕತ್ತು ತಿರುಗಿಸಿ ನೋಡಿದರು. ನೋಡಲಿ.

ಬೂದು ಬಣ್ಣದ ಕುಬಸ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ. ಆಮೇಲೆ ಅಕ್ಕಿ. ಒಂದು ಹಿಡಿ. ಎರಡು. ಮೂರು. ನಾಲ್ಕನೆಯ ಹಿಡಿಯಿಂದ ಕೆಲವು ಕಾಳು ಹೊಸ್ತಿಲ ಮೇಲೆ ಉದುರಿದವು. ಅವನು ಸೆರಗನ್ನು ಇನ್ನಷ್ಟು ಹತ್ತಿರ ತಂದ.

"ಸುಮಂಗಲಜ್ಜಿ," ಐದನೆಯ ಹಿಡಿ ಎತ್ತಿ ಅವಳು ಪಿಸುಗುಟ್ಟಿದಳು, "ಸುಗಲಿ ಕಳಿಸ್ಯಾಳ. ತಡಾ ಆತು... ಹೊಟ್ಟ್ಯಾಗ ಹಾಕ್ಕೋ."

ಅಕ್ಕಿ ಸೆರಗಿಗೆ ಬಿತ್ತು.

ಅಮಿತ ಅದರಿಂದ ಒಂದು ಹಿಡಿ ತೆಗೆದು, ಪದ್ಧತಿಯಂತೆ, ತುಂಬಿದವರ ಮನೆ ಬರಿದಾಗಬಾರದೆಂದು, ಮೊರಕ್ಕೆ ಮರಳಿ ಹಾಕಿದ. ತುಂಬಿದ ಉಡಿಯನ್ನು ಎದೆಗಾನಿಸಿಕೊಂಡು ಹೊಸ್ತಿಲಾಚೆಯೇ ನಿಂತು ಕೇಳಿದ.

"ಈಗ ಒಳಗ ಬರಲೇನು?"

"ಬಾ," ಅಂದಳು ಗಾನವಿ. "ಬಾಗಲಾ ತೆರದೈತಿ."